ಗೊಂಬೆ ಮೆಟ್ಟಿಲ ಮೇಲಿನ ಹಿಮಾಲಯ

ತ್ಯಾಗರಾಜನಗರದ ಜಲಜಾಕ್ಷಮ್ಮ ನಿವೃತ್ತ ಭೂಗೋಳದ ಮೇಡಂ. ಈ ದಸರಾ ಗೊಂಬೆಗಳ ನಡುವೆ ಅವರು ಜೇಡಿಮಣ್ಣಿನ ಗೊಂಡ್ವಾನ ಕೂರಿಸಿದ್ದರು. ಆಫ್ರಿಕಾ, ಅಂಟಾರ್ಕ್ಟಿಕಾ, ಭಾರತ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲದ ಮಹಾಖಂಡ ಅದು. ಭಾರತದ ನೆತ್ತಿಗೆ ಹತ್ತಿಯ ಹಿಮಾಲಯ, ಅದರ ಮೇಲೆ ಶಿವ ಪಾರ್ವತಿ.

ಮೊದಲ ಸಂಜೆಯೇ ಪಕ್ಕದ ಮನೆಯ ಪುಟ್ಟಿ ತನ್ಮಯಿ ಕೇಳಿದಳು: "ಅಜ್ಜಿ, ಇಂಡಿಯಾ ಇನ್ನೂ ಏಷ್ಯಾಗೆ ಗುದ್ದೇ ಇಲ್ವಲ್ಲ, ಹಿಮಾಲಯ ಹೇಗ್ ಬಂತು?"

"ಉಸಲಿ ತಿಂದು ಸುಮ್ನೆ ಹೋಗು," ಎಂದು ಗದರಿದರು. ಹುಡುಗಿ ಹೇಳಿದ್ದು ಸರಿಯೆಂದು ಮರುಕ್ಷಣವೇ ಹೊಳೆಯಿತು. ಆದರೆ ಕೂರಿಸಿದ ಗೊಂಬೆಯನ್ನು ದಶಮಿಯವರೆಗೆ ಕದಲಿಸುವಂತಿಲ್ಲ. ಖಂಡಗಳೇ ಸರಿದಾವು, ಶಿವ ಸರಿಯುವುದಿಲ್ಲ.

ದಿನಾ ಸಂಜೆ ಹಿಮಾಲಯಕ್ಕೆ ಅಡ್ಡನಿಂತೇ ಕುಂಕುಮ ಕೊಟ್ಟರು. ಆಯುಧಪೂಜೆಯಂದು ಬಂದ ಹಳೆಯ ಶಿಷ್ಯೆ, ಈಗ ತಾನೂ ಭೂಗೋಳದ ಟೀಚರ್, ಪಕ್ಕದಿಂದ ಬಗ್ಗಿ ಹಿಮಾಲಯದ ಸಮೇತ ಫೋಟೊ ತೆಗೆದಳು.

"ಸೂಪರ್, ಮೇಡಂ! ಕ್ಲಾಸಲ್ಲಿ ಇದನ್ನೇ ತೋರಿಸ್ತೀನಿ."

ಬೇಡಮ್ಮ ಎನ್ನಹೊರಟ ಜಲಜಾಕ್ಷಮ್ಮ, "ಉಸಲಿ ತಿನ್ನಮ್ಮ," ಎಂದರು.