ಕೋಮಾದಲ್ಲಿದ್ದ ಗಂಡನ್ನು ನೋಡುವ ಶಾಸ್ತ್ರ

ಎಲ್ಲರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಒಂದು ದಿನದಲ್ಲಿ ಮುಗಿಯುತ್ತದೆ. ಕೇಸರಿಬಾತು ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸ್ತೇವೆ ಅಂದು ಹೊರಟರೆ ಆಯಿತು. ನಮ್ಮ ಮನೆಯಲ್ಲಿ ಗಂಡು ನೋಡುವ ಶಾಸ್ತ್ರ ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ಸಂಜೆ, ಜಾಹೀರಾತು ಸಮೇತ, ತಿಂಗಳುಗಟ್ಟಲೆ ನಡೆಯಿತು. ಅಷ್ಟೂ ದಿನ ಗಂಡು ಕೋಮಾದಲ್ಲಿದ್ದ.

ನಾನು ಮದುವೆಯಾಗಬೇಕೆಂದುಕೊಂಡಿದ್ದವನು ಹೊಸನಗರದವನು. ನಾಟಕ ಕಲಿತು, ಬೆಂಗಳೂರಿನಲ್ಲಿ ಒಂದು ಧಾರಾವಾಹಿಯಲ್ಲಿ ದೊಡ್ಡ ಮನೆಯ ಎರಡನೇ ಮಗನ ಪಾತ್ರ ಮಾಡುತ್ತಿದ್ದ. ನಾನು ಧೈರ್ಯ ಮಾಡಿ ಅಪ್ಪನ ಹತ್ತಿರ ವಿಷಯ ಎತ್ತುವುದಕ್ಕೂ, ಧಾರಾವಾಹಿಯಲ್ಲಿ ಎರಡನೇ ಮಗನಿಗೆ ಲಾರಿ ಗುದ್ದುವುದಕ್ಕೂ ಸರಿಹೋಯಿತು. ಹುಡುಗ ಹೇಗಿದ್ದಾನೆ ನೋಡೋಣವೆಂದು ಅಪ್ಪ ಟೀವಿ ಹಾಕಿದರೆ ಕಂಡದ್ದು ತಲೆ ತುಂಬ ಬ್ಯಾಂಡೇಜು, ಮೂಗಿಗೆ ನಳಿಕೆ, ಮುಚ್ಚಿದ ಕಣ್ಣು.

ಇನ್ನೊಬ್ಬರ ಮನೆಯಾಗಿದ್ದರೆ ಸಿನಿಮಾದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನಮ್ಮದು ಹಾಗಲ್ಲ. ಸಾಗರದಲ್ಲಿ ಅಪ್ಪನದು ಟೈರ್ ಅಂಗಡಿ, ಆದರೆ ನಾವೆಲ್ಲ ಹೆಗ್ಗೋಡಿನ ಕಡೆ ನಾಟಕ ನೋಡಿ ಬೆಳೆದವರು. ಅಲ್ಲಿ ನಾಟಕ ಮುಗಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಹೊರಡುವಂತಿಲ್ಲ. ಕೂತು ಚರ್ಚೆ ಮಾಡಬೇಕು. ನಾನೂ ಆ ಹುಡುಗನೂ ಪರಿಚಯವಾದದ್ದೇ ಅಂಥ ಒಂದು ಚರ್ಚೆಯಲ್ಲಿ, ಜಗಳವಾಡಿ. ಮನೆಗೆ ಟೀವಿ ಬಂದ ಮೇಲೆ ಈ ಚಾಳಿ ಧಾರಾವಾಹಿಗಳಿಗೂ ಅಂಟಿತು. ಸೋಪಿನ ಜಾಹೀರಾತಿನಲ್ಲಿ ಬಟ್ಟೆ ಒಗೆಯುವ ಹೆಂಗಸಿನ ಅಭಿನಯವನ್ನೂ ನಮ್ಮವರು ಸುಮ್ಮನೆ ಬಿಟ್ಟವರಲ್ಲ.

ಅದರಲ್ಲೂ ಅಪ್ಪನದು ವಿಶೇಷ ಅಧಿಕಾರ. ಪ್ರಾಯದಲ್ಲಿ ಊರ ನಾಟಕದಲ್ಲಿ ಹೆಣವಾಗಿ ಮಲಗಿದ್ದಾಗ ಮೂಗಿನ ಮೇಲೆ ನೊಣ ಕೂತರೂ ಅಲುಗಾಡಿರಲಿಲ್ಲ ಎನ್ನುವುದು ಅವನ ಜೀವಮಾನದ ಸಾಧನೆ. ಅವನಿಗೆ ಮಾತಿನ ಪಾತ್ರ ಯಾರೂ ಕೊಡಲಿಲ್ಲ, ಅದು ಬೇರೆ ವಿಷಯ.

"ಉಸಿರು ಸರಿ ಇಲ್ಲ," ಅಂದ ಮೊದಲನೇ ದಿನವೇ. "ಎದೆಯಿಂದ ಉಸಿರಾಡ್ತಾನೆ. ಹೊಟ್ಟೆಯಿಂದ ಆಡ್ಬೇಕು. ರೆಪ್ಪೆ ಬೇರೆ ಅದುರ್ತದೆ. ಮಲಗಕ್ಕೆ ಬರದವನು ನಾಳೆ ಎದ್ದು ಎಂತ ಮಾಡ್ತಾನೆ?"

ಬ್ಯಾಕೋಡಿನಿಂದ ಬಂದಿದ್ದ ಅಜ್ಜಿ, ಅಂದರೆ ಅಪ್ಪನ ಅಮ್ಮ, ಮಾತ್ರ ಹುಡುಗನ ಪರ. "ಎಷ್ಟು ಲಕ್ಷಣವಾಗಿ ಮಲಗಿದಾನೆ ನೋಡು. ಇಷ್ಟು ತೆಪ್ಪಗಿರ ಅಳಿಯ ಎಲ್ಲಿ ಸಿಕ್ತಾನೆ?"

"ಇಷ್ಟು ದಿನ ಆತು, ಗಡ್ಡವೇ ಬೆಳೆದಿಲ್ಲಲ್ಲ," ಎಂದು ಅಮ್ಮನ ಚಿಂತೆ. ಕಂತು ಮುಗಿಯುವ ಹೊತ್ತಿಗೆ ಸರಿಯಾಗಿ ತೀರ್ಥಹಳ್ಳಿಯಿಂದ ಚಿಕ್ಕಮ್ಮನ ಫೋನು ಬರುತ್ತಿತ್ತು. ಅದನ್ನು ಸ್ಪೀಕರಿಗೆ ಹಾಕಿ ಟೀವಿಯ ಪಕ್ಕ ಇಡುವುದು ಕ್ರಮ. "ಕಾಲು ಮಂಚದಿಂದ ಆಚೆ ಬರ್ತದಲ್ಲ ಅಕ್ಕ, ಕಂಡ್ಯಾ? ಎತ್ತರ ಸಾಕು. ಹಲ್ಲು ಹೆಂಗಿದಾವೋ ಗೊತ್ತಾಗ್ತಿಲ್ಲ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇಕಾದರೆ ಅವನ ಫೋಟೋ ಕೊಡುತ್ತೇನೆ, ಕರೆಸುತ್ತೇನೆ, ಮಾತಾಡಿ ನೋಡಿ ಎಂದರೆ ಅಪ್ಪ ಒಪ್ಪಲಿಲ್ಲ. "ಎದುರಿಗೆ ಕೂರಿಸ್ಕೊಂಡು ಎಂತ ಕೇಳದು? ಆ ಧಾರಾವಾಹಿಯಲ್ಲೇ ಎದ್ದು ಒಂದು ಮಾತು ಆಡ್ಲಿ. ಆ ಒಂದು ಮಾತು ಸರಿಯಾಗಿ ಹೇಳಿದ ಅಂದ್ರೆ ಮದುವೆ ಮಾಡಿಕೊಡ್ತೀನಿ."

ನನ್ನ ಮದುವೆ ಹೀಗೆ ಯಾರೋ ಕತೆ ಬರೆಯುವವನ ಕೈಗೆ ಹೋಯಿತು. ದಿನಾ ಹುಡುಗನಿಗೆ ಫೋನು ಮಾಡಿ "ನಾಳೆ ಏಳ್ತೀಯಾ?" ಎಂದು ಕೇಳುತ್ತಿದ್ದೆ. "ಗೊತ್ತಿಲ್ಲ, ನನಗೂ ಹೇಳಲ್ಲ. ನಾಳೆ ಹಣೆ ಮುಟ್ಟೋ ಸೀನ್ ಇದೆ ಅಷ್ಟೇ," ಎನ್ನುತ್ತಿದ್ದ. ಅವನ ದನಿಯಲ್ಲಿ ನಿಜವಾದ ರೋಗಿಯ ಸುಸ್ತಿರುತ್ತಿತ್ತು. ಮನೆಯ ದೇವರಿಗೆ ನಾನು ಹರಕೆ ಹೊತ್ತೆ. ಅಂಥ ಹರಕೆ ಆ ದೇವರು ಅದಕ್ಕೆ ಮೊದಲು ಕೇಳಿರಲಿಕ್ಕಿಲ್ಲ.

ಕೊನೆಗೊಂದು ಸಂಜೆ ಎರಡನೇ ಮಗನ ಕೈಬೆರಳು ಅಲುಗಾಡಿತು. ಅಮ್ಮ ಒಲೆ ಆರಿಸಿ ಓಡಿ ಬಂದಳು. ಚಿಕ್ಕಮ್ಮ ಅವತ್ತು ಮೊದಲೇ ಫೋನು ಮಾಡಿ ಲೈನಿನಲ್ಲೇ ಇದ್ದಳು. ಹಿಂದಿನ ಕಂತಿನಲ್ಲಿ ಮುಖಕ್ಕೂ ಸುತ್ತಿದ್ದ ಬ್ಯಾಂಡೇಜನ್ನು ಡಾಕ್ಟರು ಸುತ್ತು ಸುತ್ತಾಗಿ ಬಿಚ್ಚುತ್ತಾ ಹೋದರು. ಬಿಚ್ಚಿದರೆ ಒಳಗೆ ಬೇರೆ ಯಾರೋ! ಅಪಘಾತದಲ್ಲಿ ಮುಖ ಜಜ್ಜಿ ಹೋಗಿತ್ತಂತೆ, ಆಪರೇಷನ್ ಮಾಡಿ ಹೊಸ ಮುಖ ಕೊಟ್ಟರಂತೆ. ಆ ಹೊಸ ಮುಖ "ಅಮ್ಮಾ" ಎಂದಿತು.

"ಇವನು ಚೆನ್ನಾಗಿ ಹೇಳಿದ," ಎಂದ ಅಪ್ಪ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹುಡುಗನ ಕೆಲಸ ಹೋಗಿತ್ತು. ಅವನಿಗೆ ಆಡಲು ಇನ್ನು ಮಾತೇ ಉಳಿದಿರಲಿಲ್ಲ.

ಮುಂದಿನ ಭಾನುವಾರ ಅವನು ಹೇಳದೆ ಕೇಳದೆ ಬಸ್ಸು ಹತ್ತಿ ಸಾಗರಕ್ಕೆ ಬಂದ. ಬಾಗಿಲಲ್ಲಿ ನಿಂತವನನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿ, "ಎದ್ದು ನಿಂತ್ರೆ ಬೇರೆನೇ ಕಾಣ್ತಾನೆ," ಎಂದಳು. ಅಮ್ಮ ಅವಲಕ್ಕಿ ಕೊಟ್ಟಳು. ಅಪ್ಪ ನೇರ ವಿಷಯಕ್ಕೆ ಬಂದ.

"ಎದ್ದವನು ನೀನಲ್ವಲ್ಲ ಮಾರಾಯ."

"ಹೌದು," ಎಂದ ಅವನು. "ನಾನು ಮಲಗಿದ್ದರಲ್ಲೂ ತಪ್ಪಿತ್ತು ಅಂತ ಇವಳು ಹೇಳಿದ್ಳು. ಹೇಗೆ ಮಲಗ್ಬೇಕಿತ್ತು, ತೋರಿಸ್ತೀರಾ?"

ಅಪ್ಪನನ್ನು ಹಾಗೆ ಯಾರೂ, ಯಾವತ್ತೂ ಕೇಳಿರಲಿಲ್ಲ. ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿದ, ಕನ್ನಡಕ ತೆಗೆದು ಅಮ್ಮನ ಕೈಗೆ ಕೊಟ್ಟ, ಗೋಡೆ ಬದಿಯ ಉದ್ದ ಬೆಂಚಿನ ಮೇಲೆ ಅಂಗಾತ ಮಲಗಿದ. "ನೀನು ಪಕ್ಕದಲ್ಲಿ ಕೂತು ಮಾತಾಡು. ಬಾಯಿಗೆ ಬಂದಿದ್ದು ಹೇಳು. ಎಂತ ಹೇಳಿದ್ರೂ ನಾನು ಅಲುಗಾಡದಿಲ್ಲ, ನೋಡು," ಎಂದು ಕಣ್ಣು ಮುಚ್ಚಿದ.

ನಿಜ ಹೇಳಬೇಕೆಂದರೆ ಅದ್ಭುತವಾಗಿತ್ತು. ಎದೆ ಕಲ್ಲು. ಹೊಟ್ಟೆ ಮಾತ್ರ ನಿಧಾನ ಏರಿ ಇಳಿಯುತ್ತಿತ್ತು. ನಾವೆಲ್ಲ ಬೆಂಚಿನ ಸುತ್ತ ನಿಂತೆವು. ಹುಡುಗ ಮೊಣಕಾಲೂರಿ ಕೂತು, ಅಪ್ಪನ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಂತೆ ಮಾತಾಡಿದ.

"ನಿಮ್ಮ ಮಗಳನ್ನ ನಾನು ಮದುವೆ ಆಗ್ಬೇಕು ಅಂತಿದೀನಿ. ಕೆಲಸ ಹೋಗಿದೆ, ಇನ್ನೊಂದು ಹುಡುಕ್ತಿದೀನಿ. ಅವಳ ಜತೆ ಜಗಳ ಆಡ್ತೀನಿ, ಆದ್ರೆ ಬಿಟ್ಟು ಹೋಗಲ್ಲ. ನಿಮಗೆ ಇದು ಬೇಡ ಅಂದ್ರೆ ಕಣ್ಣು ಬಿಡಿ."

ಅಪ್ಪ ಉಸಿರಾಡುತ್ತಲೇ ಇದ್ದ, ಹೊಟ್ಟೆಯಿಂದ. ಅವಲಕ್ಕಿ ತಟ್ಟೆಯಿಂದ ಎದ್ದ ನೊಣವೊಂದು ಬಂದು ಅವನ ಮೂಗಿನ ಮೇಲೆ ಕೂತಿತು. ರೆಪ್ಪೆ ಅದುರಲಿಲ್ಲ. ಆದರೆ ಮುಚ್ಚಿದ ಕಣ್ಣಿನ ಕೊನೆಯಿಂದ ಒಂದು ಹನಿ ಹೊರಟು, ನೆರೆತ ಕೂದಲಿನೊಳಗೆ ಇಳಿದು ಕಿವಿಯತ್ತ ಹೋಯಿತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜಿ ಬಗ್ಗಿ ಹತ್ತಿರದಿಂದ ನೋಡಿದಳು. "ಇದು ಮಾತ್ರ ಅತಿ ಆತು," ಎಂದಳು. "ಕೋಮಾದಲ್ಲಿದ್ದವರು ಅಳದಿಲ್ಲ."

ಆಗಲೂ ಅಪ್ಪ ಕಣ್ಣು ಬಿಡಲಿಲ್ಲ.