ಚಿಕ್ಕವಳ ಲಕೋಟೆ

ದೊಡ್ಡ ಸೊಸೆಯ ಕೆಲಸ ಹೋದ ದಿನವೇ ಚಿಕ್ಕ ಸೊಸೆಗೆ ಬಹುಮಾನ ಬಂತು. ದೇವರಿಗೆ ಬೇರೆ ದಿನ ಸಿಗಲಿಲ್ಲವೇ ಅಂತ ನೀವು ಕೇಳಬಹುದು. ದೊಡ್ಡವಳೂ ಅದನ್ನೇ ಕೇಳಿದಳು. ಆಫೀಸಿನ ಮೇಜಿನಲ್ಲಿದ್ದ ನೀರಿನ ಬಾಟಲಿ, ಚಾರ್ಜರು, ಒಂದು ಜೊತೆ ಚಪ್ಪಲಿ, ಇಷ್ಟನ್ನೂ ಕೈಚೀಲಕ್ಕೆ ತುರುಕಿಕೊಂಡು ಮನೆ ಬಾಗಿಲು ತೆಗೆದರೆ ಅತ್ತೆ ಎದುರಿಗೇ ನಿಂತಿದ್ದಾರೆ, ಮುಖ ಇಷ್ಟಗಲ.

"ನಿನ್ನ ಓರಗಿತ್ತಿಗೆ ಬಹುಮಾನ ಬಂದಿದೆ ಕಣೇ! ಯಾವುದೋ ಸ್ಪರ್ಧೆಗೆ ಅವಳ ವೆಬ್‌ಸೈಟ್ ಕಳಿಸಿದ್ದಳಂತೆ, ಸಾವಿರ ಜನರಲ್ಲಿ ಇವಳದೇ ಮೊದಲಂತೆ!"

"ಸಂತೋಷ," ಅಂದಳು ದೊಡ್ಡವಳು. ಕೈಚೀಲವನ್ನು ಬಾಗಿಲ ಹಿಂದಕ್ಕೆ ಸರಿಸಿದಳು. ತನ್ನ ಸುದ್ದಿಯನ್ನು ಊಟವಾದ ಮೇಲೆ ಹೇಳಿದಳು, ಅದೂ ಗಂಡನಿಗೆ ಮಾತ್ರ.

ಅಣ್ಣನ ಸಂಸಾರ ಕೆಳಗಿನ ಮನೆಯಲ್ಲಿ, ತಮ್ಮನ ಸಂಸಾರ ಮೇಲಿನ ಮನೆಯಲ್ಲಿ, ಅತ್ತೆ ಎರಡೂ ಕಡೆ. ಸೊಸೆಯರಿಬ್ಬರೂ ವೆಬ್ ಡಿಸೈನರುಗಳು, ಅಲ್ಲೇ ಇರೋದು ತಾಪತ್ರಯ. ಒಬ್ಬಳು ಟೀಚರೋ ನರ್ಸೋ ಆಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇನ್ನೊಂದು ಮಾತು ಹೇಳಿಬಿಡ್ತೀನಿ: ಚಿಕ್ಕವಳನ್ನು ಈ ಮನೆಗೆ ತಂದವಳೇ ದೊಡ್ಡವಳು. ಅವಳ ಆಫೀಸಿಗೆ ಮೂರು ತಿಂಗಳು ಕೆಲಸ ಕಲಿಯಲು ಬಂದಿದ್ದ ಹುಡುಗಿ, ಒಂದು ಭಾನುವಾರ ಪುಸ್ತಕ ವಾಪಸು ಕೊಡಲು ಮನೆಗೆ ಬಂದಳು, ಮೈದುನ ಬಾಗಿಲು ತೆಗೆದ. ಅಷ್ಟೇ. ನನ್ನ ಕಾಲ ಮೇಲೆ ನಾನೇ ಕಲ್ಲು ಎಳೆದುಕೊಂಡೆ ಅಂತ ದೊಡ್ಡವಳು ಈಗಲೂ ಆ ಪುಸ್ತಕವನ್ನು ಶೆಲ್ಫಿನಲ್ಲಿ ಬೆನ್ನು ತಿರುಗಿಸಿ ಇಟ್ಟಿದ್ದಾಳೆ.

ದೊಡ್ಡವಳದು ಹನ್ನೊಂದು ವರ್ಷದ ಅನುಭವ. ಅವಳ ಕೆಲಸ ಕಣ್ಣಿಗೆ ಹೊಡೆಯುವಂಥದ್ದಲ್ಲ. ಒಂದು ಸಣ್ಣ ಆಸ್ಪತ್ರೆಗೆ, ರೋಗಿಗಳು ತಮ್ಮ ರಕ್ತಪರೀಕ್ಷೆಯ ವರದಿಯನ್ನು ಫೋನಿನಲ್ಲೇ ನೋಡುವ ಪುಟ ಮಾಡಿಕೊಟ್ಟಿದ್ದಳು. ಅದಕ್ಕಾಗಿ ಎರಡು ದಿನ ಆ ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಕೂತು ನೋಡಿದ್ದೇನು? ಲಕೋಟೆ ಒಡೆಯುವ ಜನರ ಕೈ. ಗಟ್ಟಿಮುಟ್ಟಾದ ಗಂಡಸರ ಕೈಯೂ ಆ ಗಳಿಗೆಯಲ್ಲಿ ನಡುಗುತ್ತಿತ್ತು. ಬಂದವಳೇ ಪುಟದ ಬಟನ್ನನ್ನು ಅಂಗೈಯಗಲ ಮಾಡಿದಳು. "ರಿಪೋರ್ಟ್ ತೆಗೆಯೋವಾಗ ಕೈ ನಡುಗುತ್ತೆ. ಎಲ್ಲಿ ಒತ್ತಿದ್ರೂ ತೆರೀಬೇಕು," ಅಂತ ಊಟದ ಮೇಜಿನಲ್ಲಿ ಹೇಳಿದ್ದಳು. ಅತ್ತೆ "ಹೂಂ" ಅಂದಿದ್ದರು. ಚಿಕ್ಕವಳು ತಟ್ಟೆಯಿಂದ ತಲೆ ಎತ್ತಿ ನೋಡಿದ್ದಳು.

ಇನ್ನು ಚಿಕ್ಕವಳು. ಅವಳಿಗೆ ಸ್ಫೂರ್ತಿ ಬರುತ್ತದೆ, ಸ್ವಾಮಿ! ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ. ಒಮ್ಮೆ ತಾರಸಿಯಲ್ಲಿ ಒದ್ದೆ ಬಟ್ಟೆ ನೋಡಿ, "ಅಕ್ಕಾ, ಆ ನೀಲಿ ನೋಡಿ, ಬೆಳಕು ಒಳಗಿಂದ ಬರ್ತಿದೆ," ಅಂದಳು. ಸಂಜೆಯೊಳಗೆ ಆ ನೀಲಿ ಅವಳ ಪುಟದ ಮೇಲಿತ್ತು. ನೋಡಿದವರೆಲ್ಲ ಅಬ್ಬಾ ಅಂದರು. ಆ ಬಟ್ಟೆಗಳನ್ನು ಒಣಹಾಕಿದ್ದು ಯಾರು? ದೊಡ್ಡವಳು! ಹಿಂಡಿ, ಕೊಡವಿ, ಒಂದೊಂದಾಗಿ ಹಾಕಿದ್ದಳು. ಅವಳಿಗೆ ಬಟ್ಟೆ ಕಂಡಿತ್ತು, ನೀಲಿ ಕಂಡಿರಲಿಲ್ಲ. ಆವತ್ತು ಹತ್ತಿಕೊಂಡ ಹೊಟ್ಟೆಯುರಿ ಆಮೇಲೆ ಆರಲೇ ಇಲ್ಲ.

ಕೆಲಸ ಹುಡುಕುವುದು ಶುರುವಾಯಿತು. ಮೊದಲ ಸಂದರ್ಶನದಲ್ಲಿ, ಇನ್ನೂ ಮೀಸೆ ಸರಿಯಾಗಿ ಬಾರದ ಒಬ್ಬ ಮ್ಯಾನೇಜರು, ಅವಳು ಮಾಡಿದ ಕೆಲಸಗಳನ್ನೆಲ್ಲ ಹಾಕಿಟ್ಟಿದ್ದ ವೆಬ್‌ಸೈಟನ್ನು ಮೇಲಿಂದ ಕೆಳಗೆ ಒಂದೇ ಸಲ ಎಳೆದು, "ಕೆಲಸ ಗಟ್ಟಿಯಾಗಿದೆ ಮೇಡಂ, ಆದ್ರೆ ನೋಡೋಕೆ ಸ್ವಲ್ಪ ಹಳೇ ಕಾಲದ್ದು ಅನ್ಸುತ್ತೆ," ಅಂದ. ಎರಡನೆಯ ಕಡೆಯೂ ಹೆಚ್ಚುಕಡಿಮೆ ಅದೇ ರಾಗ. ಮೂರನೆಯವರು ಉತ್ತರವನ್ನೇ ಕೊಡಲಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವನು, ಸಮಾಧಾನ ಹೇಳಲು ಬಂದ. "ನಿನ್ನ ಕೆಲಸ ಲಿಫ್ಟ್ ಇದ್ದಂಗೆ ಕಣೇ. ಸರಿಯಾಗಿದ್ರೆ ಯಾರೂ ಗಮನಿಸಲ್ಲ."

"ಹಾಗಾದ್ರೆ ಯಾರೂ ಗಮನಿಸೋದು ಬೇಡ ಬಿಡಿ, ಮನೇಲೇ ಕೊಳೀತೀನಿ," ಅಂದಳು. ಪಾಪ, ಅವನು ಎದ್ದು ಹೋಗಿ ನಲ್ಲಿಯ ವಾಷರ್ ಬದಲಾಯಿಸುತ್ತ ಕೂತ.

ಮಾರನೆಯ ಮಧ್ಯಾಹ್ನ ಅವಳು ತನ್ನ ವೆಬ್‌ಸೈಟನ್ನು ಹೊಸದಾಗಿ ಕಟ್ಟಲು ಕೂತಳು. ಕೂತವಳು ಮೊದಲು ತೆರೆದಿದ್ದು ಯಾರದನ್ನು? ಚಿಕ್ಕವಳದನ್ನೇ. ಮುಖಪುಟದಲ್ಲಿ ಮನೆತನದ ಹೆಸರು ಮಾತ್ರ, ದೊಡ್ಡ ಅಕ್ಷರದಲ್ಲಿ. ಫೋನ್ ನಂಬರಿಲ್ಲ, ಇಮೇಲಿಲ್ಲ. ಕೊನೆಯಲ್ಲಿ ಒಂದು ಫಾರ್ಮು, ಬರೆದು ಕಳಿಸು ಒತ್ತಿದರೆ ಆ ಕಾಗದ ತಾನಾಗೇ ಮಡಚಿಕೊಂಡು ಲಕೋಟೆಯಾಗಿ, ಒಂದು ಸಲ ನಾಚಿದ ಹಾಗೆ ಬಾಗಿ, ಹೊರಟುಹೋಗುತ್ತದೆ. ಆಮೇಲೆ ಒಂದು ಸಾಲು: "ತಲುಪಿತು. ನಾನೇ ಓದ್ತೀನಿ."

ಎಷ್ಟು ಚೆನ್ನಾಗಿದೆ ಅಂದರೆ, ದೊಡ್ಡವಳಿಗೆ ಅಳು ಬಂತು. ಸಿಟ್ಟಿನ ಅಳು. ನಾಲ್ಕು ದಿನ ಒದ್ದಾಡಿದಳು, ಅವಳ ಲಕೋಟೆ ಮಡಚಿಕೊಳ್ಳುವ ಬದಲು ಮುದುರಿಕೊಳ್ಳುತ್ತಿತ್ತು. ಐದನೆಯ ದಿನ ಚಿಕ್ಕವಳ ಪುಟದ ಒಳಗಿನ ಬರಹ, ಅಂದರೆ ಕೋಡು, ತೆರೆದು, ಇಡೀ ಫಾರ್ಮನ್ನು ಎತ್ತಿ ತನ್ನ ಪುಟದಲ್ಲಿ ಇಟ್ಟುಕೊಂಡಳು. ಬಣ್ಣ ಬದಲಾಯಿಸಿದಳು, ಗುರುತು ಸಿಗಬಾರದಲ್ಲ! ಕೈ ಹೊಲಸಾದ ಮೇಲೆ ಇನ್ನೇನು ಅಂತ ಮನೆತನದ ಹೆಸರನ್ನೂ ಹಾಗೇ ದೊಡ್ಡದಾಗಿ ಹಾಕಿ, ತನ್ನ ನಂಬರು, ಇಮೇಲು ತೆಗೆದುಹಾಕಿದಳು.

ಹನ್ನೊಂದು ವರ್ಷ ಎಲ್ಲರ ಫಾರ್ಮನ್ನೂ ಮೂರು ಮೂರು ಸಲ ಪರೀಕ್ಷೆ ಮಾಡಿದವಳು ಆವತ್ತು ಒಂದು ಸಲವೂ ಮಾಡಲಿಲ್ಲ. ಕದ್ದದ್ದನ್ನು ಮತ್ತೆ ಮತ್ತೆ ಮುಟ್ಟಲು ಯಾರಿಗೆ ಮನಸ್ಸು ಬರುತ್ತದೆ, ಹೇಳಿ? ಪುಟವನ್ನು ಮುಚ್ಚಿದಳು, ಎದ್ದು ಮುಖ ತೊಳೆದುಕೊಂಡಳು.

ಎರಡು ತಿಂಗಳು ಒಂದೇ ಒಂದು ಪತ್ರ ಬರಲಿಲ್ಲ. ಚಿಕ್ಕವಳಿಗೆ ಮಾತ್ರ ಸುರಿಮಳೆ! "ಯಾರೋ ವಿಮೆ ಕಂಪನಿಯವರು ಬರೆದಿದ್ದಾರೆ ಅಕ್ಕಾ, ಅರ್ಜಿ ಫಾರ್ಮುಗಳನ್ನ ಸರಿಮಾಡಿ ಕೊಡ್ಬೇಕಂತೆ. ನಂಗ್ಯಾಕೆ ಬರೆದ್ರೋ! ಬೇಡ ಅಂದೆ." ಇನ್ನೊಂದು ವಾರ, "ಬಸ್ ಕಂಪನಿಯಂತೆ, ವೇಳಾಪಟ್ಟಿಯಂತೆ. ಬೋರು." ದೊಡ್ಡವಳು ಹಲ್ಲು ಕಚ್ಚಿಕೊಂಡು ತಟ್ಟೆ ನೋಡುತ್ತಿದ್ದಳು. ಫಾರ್ಮು, ವೇಳಾಪಟ್ಟಿ! ಅಂಥ ಕೆಲಸ ಅಂದರೆ ಅವಳು ಪ್ರಾಣ ಬಿಡುತ್ತಾಳೆ. ಬೇಕಾದವಳಿಗೆ ಇಲ್ಲ, ಬೇಡ ಅನ್ನುವವಳ ಬಾಗಿಲಿಗೆ ಸಾಲು ನಿಲ್ಲುತ್ತಾರೆ. ಈ ಮನೆಯಲ್ಲಿ ಇನ್ನೊಂದು ತಿಂಗಳು ಹೀಗೆ ಕೂತರೆ ತಲೆ ಕೆಡುವುದು ಗ್ಯಾರಂಟಿ ಅನ್ನಿಸಿತು.

ಆಮೇಲೆ ಆ ಗುರುವಾರ. ಊರಿನ ದೊಡ್ಡ ಲ್ಯಾಬೊಂದರ ಒಡತಿ ಡಾಕ್ಟರಮ್ಮ, "ನಿಮ್ಮ ಪುಟ ನೋಡಿದೆವು, ತುಂಬ ಇಷ್ಟವಾಯಿತು, ಬಂದು ಮಾತಾಡಿ," ಅಂತ ಬರೆದರಂತೆ. ಚಿಕ್ಕವಳು ಆವತ್ತೇ ಹೋದಳು, ಕೆಲಸ ಸಿಕ್ಕಿತು. ಸೋಮವಾರದಿಂದ ಬರಬೇಕು, ಒಳ್ಳೆಯ ಸಂಬಳ, ಸ್ವಂತ ಕೋಣೆ. ವಿಚಿತ್ರ ಅಂದರೆ ಅವಳ ಮುಖದಲ್ಲಿ ಕಳೆ ಇರಲಿಲ್ಲ. ತಲೆನೋವು ಅಂತ ಮೇಲೆ ಹೋಗಿ ಮಲಗಿದಳು. ದೊಡ್ಡವಳಿಗೆ ಅದೂ ಜಂಭವಾಗಿಯೇ ಕಂಡಿತು.

ಶನಿವಾರ ಮಧ್ಯಾಹ್ನ ಅತ್ತೆ ಬಟ್ಟೆ ಮಡಚುತ್ತ ಮಾತು ತೆಗೆದರು. "ನಿನ್ನ ಮೈದುನ ಹೇಳಿದ. ಅಲ್ಲಿ ಆ ಡಾಕ್ಟರಮ್ಮ, ಈ ಬಟನ್ ಯಾಕೆ ಇಷ್ಟು ದೊಡ್ಡದು ಅಂತ ಕೇಳಿದ್ರಂತೆ. ಚಿಕ್ಕವಳು ಏನಂದ್ಳು ಗೊತ್ತಾ? ರಿಪೋರ್ಟ್ ತೆಗೆಯೋವಾಗ ಕೈ ನಡುಗುತ್ತೆ ಅಂದ್ಳಂತೆ. ಡಾಕ್ಟರಮ್ಮನ ಕಣ್ಣಲ್ಲಿ ನೀರಂತೆ ಕಣೇ! ಎಂಥ ತಲೆ ನೋಡು."

ದೊಡ್ಡವಳ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. ಅದು ನನ್ನ ಮಾತು! ನನ್ನ ಬೆಂಚು! ನನ್ನ ಎರಡು ದಿನ!

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚಿಕ್ಕವಳ ವೆಬ್‌ಸೈಟ್ ತೆರೆದಳು. ಕದ್ದ ಬಟನ್ ಎಲ್ಲಿಟ್ಟಿದ್ದಾಳೆ ನೋಡೇಬಿಡೋಣ ಅಂತ. ಹುಡುಕಿದಳು, ಹುಡುಕಿದಳು. ಅಲ್ಲಿ ಅಂಥ ಬಟನ್ನೇ ಇಲ್ಲ, ಯಾವ ರಿಪೋರ್ಟೂ ಇಲ್ಲ. ಹಾಗಾದರೆ ಡಾಕ್ಟರಮ್ಮ ಕೇಳಿದ್ದು ಯಾವ ಬಟನ್ ಬಗ್ಗೆ?

ತನ್ನ ಪುಟ ತೆರೆದು ಆ ಫಾರ್ಮಿನ ಒಳಬರಹ ನೋಡಿದಳು. ಅಂಥ ಪ್ರತಿ ಫಾರ್ಮಿನ ಒಳಗೂ ಉದ್ದನೆಯ ಒಂದು ಗುರುತುಸಂಖ್ಯೆ ಇರುತ್ತದೆ, ಬರೆದ ಪತ್ರ ಯಾರಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಅದೇ. ಎರಡು ಪುಟವನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಂಕಿ ಬೆರಳಿಟ್ಟು ಓದಿದಳು. ಒಂದೇ. ಅವಳು ಬಣ್ಣ ಬದಲಾಯಿಸಿದ್ದಳು, ಗುರುತುಸಂಖ್ಯೆ ಬದಲಾಯಿಸಿರಲಿಲ್ಲ. ಎರಡು ತಿಂಗಳಿಂದ ಅವಳಿಗೆ ಬರಬೇಕಾಗಿದ್ದ ಪತ್ರಗಳೆಲ್ಲ ನೆಟ್ಟಗೆ ಮೇಲಿನ ಮನೆಗೆ ಹೋಗಿದ್ದವು. ವಿಮೆ ಕಂಪನಿ ಅವಳದು. ಬಸ್ ಕಂಪನಿ ಅವಳದು. ಡಾಕ್ಟರಮ್ಮ ಅವಳದು.

ಈಗ ಏನು ಮಾಡುವುದು? ನನ್ನ ಕೆಲಸ ನೀನು ತಗೊಂಡೆ ಅಂತ ಮೆಟ್ಟಿಲು ಹತ್ತಿ ಹೋಗಿ ಕೂಗಬಹುದು. ನಿಮ್ಮ ಪತ್ರ ನನಗೆ ಹೇಗೆ ಬಂತು ಅಕ್ಕಾ ಅಂತ ಅವಳು ಕೇಳಿದರೆ? ಕಲಿಸಿದವಳು ಕಲಿತವಳದನ್ನು ಕದ್ದೆ ಅಂತ ಅತ್ತೆಯ ಮುಂದೆ, ಗಂಡನ ಮುಂದೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತದೆ, ಕೆಲಸ ಹೋಗುತ್ತದೆ. ಸೋಮವಾರಕ್ಕೆ ಇನ್ನು ಒಂದೇ ದಿನ.

ಕೊನೆಗೆ ತನ್ನದೇ ಪುಟದ ಆ ಫಾರ್ಮಿನಲ್ಲಿ ಎರಡು ಸಾಲು ಬರೆದಳು. "ಈ ಫಾರ್ಮು ನಿನ್ನದು, ನಾನು ಕದ್ದೆ. ಗುರುವಾರದ ಪತ್ರ ನನ್ನದು." ಕಣ್ಣು ಮುಚ್ಚಿ ಕಳಿಸು ಒತ್ತಿದಳು. ಕಾಗದ ಮಡಚಿಕೊಂಡಿತು, ಬಾಗಿತು, ಹೋಯಿತು. ತಲುಪಿತು. ನಾನೇ ಓದ್ತೀನಿ.

ಮೇಲೆ ಫೋನು ಟಿಣ್ ಅಂದದ್ದು ಕೇಳಿಸಿತು.

ಎರಡೆರಡು ಮೆಟ್ಟಿಲು ಹಾರಿ ಇಳಿಯುವ ಹುಡುಗಿ ಆವತ್ತು ಒಂದೊಂದಾಗಿ ಇಳಿದುಬಂದಳು. ಬಾಗಿಲಲ್ಲೇ ನಿಂತಳು.

"ನಂಗೆ ಗುರುವಾರವೇ ಗೊತ್ತಾಯ್ತು ಅಕ್ಕಾ," ಅಂದಳು. "ಅಲ್ಲಿ ಗೋಡೆ ಮೇಲೆ ನಿಮ್ಮ ಪುಟ ಹಾಕಿದ್ರು."

"ಗೊತ್ತಿದ್ದೂ? ಬಾಯಿಗೆ ಏನಾಗಿತ್ತೇ ನಿಂಗೆ?"

"ನಂದಲ್ಲ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಬಟನ್ ಬಗ್ಗೆ ಕೇಳಿದ್ರು. ನೀವು ಆವತ್ತು ಊಟ ಮಾಡೋವಾಗ ಹೇಳಿದ್ದು ಬಾಯಿಂದ ಬಂದ್ಬಿಡ್ತು. ಅವರು ಕಣ್ಣು ಒರೆಸಿಕೊಂಡ್ರು ಅಕ್ಕಾ." ಚಿಕ್ಕವಳ ದನಿ ಒಡೆಯಿತು. "ನನ್ನ ಕೆಲಸ ನೋಡಿ ಎಲ್ಲರೂ ಅಬ್ಬಾ ಅಂತಾರೆ. ಇವತ್ತಿನವರೆಗೂ ಯಾರೂ ಕಣ್ಣು ಒರೆಸಿಕೊಂಡಿಲ್ಲ. ನಿಮ್ಮನ್ನ ನೋಡಿ ನಾನು ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ನಿಮಗೆ ಗೊತ್ತಿಲ್ಲ. ಹತ್ತು ನಿಮಿಷ ಅದು ನಂದಾಗಿರಲಿ ಅನ್ನಿಸ್ತು. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ. ಸೋಮವಾರ ನೀವೇ ಹೋಗಿ."

ದೊಡ್ಡವಳು ಹೊಟ್ಟೆಕಿಚ್ಚು ತನ್ನೊಬ್ಬಳ ಆಸ್ತಿ ಅಂದುಕೊಂಡಿದ್ದಳು. ತನ್ನನ್ನು ನೋಡಿ, ಅದೂ ಇವಳು, ಉರಿದುಕೊಳ್ಳುವುದೇ! ಒಂದು ಗಳಿಗೆ ಎಷ್ಟು ಹಿತವಾಯಿತು ಅಂದರೆ ನಾಚಿಕೆಯಾಯಿತು. ಮರುಗಳಿಗೆ, ಕೆಲಸ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸೂ ಇವಳಿಗೇ ಇರಬೇಕಾ ಅಂತ ಮತ್ತೆ ಕಿಚ್ಚು. ಹಾಳು ಬುದ್ಧಿ, ಎಲ್ಲಿ ಹೋಗುತ್ತೆ?

"ಫೋನ್ ಮಾಡು," ಅಂದಳು. "ಸ್ಪೀಕರ್ ಹಾಕು."

ಡಾಕ್ಟರಮ್ಮ ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. ಚಿಕ್ಕವಳು ಒಂದನ್ನೂ ಮುಚ್ಚಿಡಲಿಲ್ಲ. ದೊಡ್ಡವಳೂ ಕದ್ದೆ ಅನ್ನುವ ಪದವನ್ನು ಬಿಡಲಿಲ್ಲ. ಹೇಳಿ ಮುಗಿದ ಮೇಲೆ ಡಾಕ್ಟರಮ್ಮ ಕೇಳಿದ್ದು ಒಂದೇ.

"ಬೆಂಚಿನ ಮೇಲೆ ಕೂತಿದ್ದು ಯಾರು?"

"ನಾನು ಮೇಡಂ."

"ಸೋಮವಾರ ನೀವು ಬನ್ನಿ. ಆ ಹುಡುಗಿ ಸುಳ್ಳು ಹೇಳಿದ್ದು ನಂಗೆ ಹಿಡಿಸಲಿಲ್ಲ. ನೀವು ಕದ್ದಿದ್ದೂ ಹಿಡಿಸಲಿಲ್ಲ, ಅದನ್ನ ಎದುರಿಗೆ ಮಾತಾಡೋಣ." ಫೋನ್ ಇಡುತ್ತಾರೆ ಅಂದುಕೊಂಡರೆ ಇನ್ನೊಂದು ಮಾತು ಬಂತು. "ಅಂದ ಹಾಗೆ ಆ ಲಕೋಟೆ. ನಾನು ಬರೆದಾಗ ಮಡಚಿಕೊಂಡು ಹೋಯ್ತಲ್ಲ, ನಮ್ಮ ಪೇಷಂಟುಗಳಿಗೂ ಅಂಥದ್ದೇ ಬೇಕು. ಅದನ್ನ ನೋಡಿಕೊಂಡು ನೀವೇ ಮಾಡ್ತೀರಾ?"

ಚಿಕ್ಕವಳು ನೆಲ ನೋಡುತ್ತಿದ್ದಳು. ಹೂಂ ಅಂದರೆ ಮುಗಿಯಿತು, ಸ್ವಲ್ಪ ದಿನ ಒದ್ದಾಡಿದರೆ ಬಂದರೂ ಬರಬಹುದು. ದೊಡ್ಡವಳು ಫೋನಿನ ಹತ್ತಿರ ಬಗ್ಗಿದಳು. ಆ ನೀಲಿ ನೋಡಿದ ದಿನದಿಂದ ಅವಳು ನುಂಗಿಕೊಂಡೇ ಬಂದಿದ್ದ ಮಾತು ಹೊರಗೆ ಬಂತು.

"ಇಲ್ಲ ಮೇಡಂ," ಅಂದಳು. "ಅದಕ್ಕೆ ಇವಳನ್ನೇ ಕರೀಬೇಕು. ನಾನು ನಾಲ್ಕು ದಿನ ಕೂತು ನೋಡಿದ್ದೀನಿ. ನನ್ನ ಕೈಲಿ ಆಗಲ್ಲ."