ಮೂರು ಗೇಟಿಗೂ ಒಂದೇ ಬಣ್ಣ

ನೋಡ್ರಪ್ಪಾ, ಇವತ್ತು ನನ್ನ ಮೇಲೊಂದು ಸಂಚಿನ ಆರೋಪ ಬಂತು. ಬಸವೇಶ್ವರನಗರದ ನಮ್ಮ ಎದುರುಮನೆ ಸರೋಜಾ ಆಂಟಿಯ ಸಂಪಿಗೆ ಮರ ಒಣಗಿಹೋಗಿದೆ. ಬೆಳಿಗ್ಗೆ ನನ್ನನ್ನು ತಡೆದು ನಿಲ್ಲಿಸಿದರು.

"ನೀವು ಎದುರು ಸಾಲಿನ ಮೂರು ಮನೆಯೋರೂ ಸೇರ್ಕೊಂಡು ಬುಡಕ್ಕೆ ಆ್ಯಸಿಡ್ ಹಾಕಿದೀರ. ಇಲ್ದಿದ್ರೆ ಮೂರು ಗೇಟಿಗೂ ಒಂದೇ ಬಣ್ಣ ಯಾಕೆ?"

"ಪೇಂಟರ್ ಒಬ್ಬನೇ ಆಂಟಿ" ಎಂದೆ. ಕಾಂಡದಲ್ಲಿ ಹುಳ ಕೊರೆದ ತೂತುಗಳನ್ನೂ ತೋರಿಸಿದೆ.

"ನಮ್ಮೆಜಮಾನ್ರು ನೆಟ್ಟಿದ್ದು ಕಣೇ. ಅವರು ಹೋದಾಗ್ಲೂ ಯಾರ್ದೂ ತಪ್ಪಿಲ್ಲ ಅಂದ್ರು ಡಾಕ್ಟ್ರು. ಈಗ ಇದಕ್ಕೂ ಯಾರ್ದೂ ತಪ್ಪಿಲ್ವಾ?"

"ತಪ್ಪಾಯ್ತು ಆಂಟಿ, ನಾವೇ ಹಾಕಿದ್ದು" ಎಂದುಬಿಟ್ಟೆ. ಚೆನ್ನಾಗಿ ಬೈದರು, ಅತ್ತರು, ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು.

ಉಳಿದೆರಡು ಮನೆಯವರಿಗೆ ಅವರ ಅಪರಾಧವನ್ನು ನಾನಿನ್ನೂ ತಿಳಿಸಬೇಕು.